ಎರಡೇ ಪೆಡಲಿನ ಕಾರು

ನನಗೆ ಮೂರು ವರ್ಷವಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಕಾರಿನ ವಿಷಯ ತಿಳಿಯಲು ಬೇಕಾದಷ್ಟೇ ಹೇಳುತ್ತೇನೆ. ತೊಡೆಯಿಂದ ಪಾದದವರೆಗೆ ಎರಡು ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟುಗಳು, ಕೆಳಗೆ ಅದಕ್ಕೇ ಜೋಡಿಸಿದ ಒಂದು ಬೂಟು. ಇದಕ್ಕೆ ಕ್ಯಾಲಿಪರ್ ಅನ್ನುತ್ತಾರೆ. ಅದನ್ನು ಕಟ್ಟಿಕೊಂಡು ಕೈಯಲ್ಲೊಂದು ಕೋಲು ಹಿಡಿದರೆ ಸಮನಾದ ನೆಲದಲ್ಲಿ ಯಾರ ಹಂಗೂ ಇಲ್ಲದೆ ನಡೆಯುತ್ತಿದ್ದೆ. ಬಲಗಾಲು ಮಾತ್ರ ಎರಡು ಕಾಲಿನ ಕೆಲಸ ಮಾಡಿ ಮಾಡಿ ಕಬ್ಬಿಣದಂತಾಗಿತ್ತು.

ಸಮನಾದ ನೆಲ ಸಿಗುವುದೇ ಕಷ್ಟವಾಗಿತ್ತು. ನಾನು ಮಾಸ್ತರಿಕೆಗೆ ಸೇರಿದ್ದು ಶಹಾಪುರದಾಚೆಯ ಒಂದು ಹಳ್ಳಿಯಲ್ಲಿ. ಬಸ್ಸು ಕಾಲುವೆಯ ಸೇತುವೆಯ ಹತ್ತಿರ ಇಳಿಸಿ ಮುಂದೆ ಹೋಗುತ್ತಿತ್ತು. ಅಲ್ಲಿಂದ ಶಾಲೆಗೆ ಗದ್ದೆಗಳ ನಡುವೆ ಒಂದೂವರೆ ಮೈಲಿ ದಾರಿ. ಕಾಲುವೆ ಬರುವ ಮುಂಚೆ ಆ ದಾರಿ ಮಳೆಗಾಲ ಬಿಟ್ಟು ಉಳಿದ ದಿನವೆಲ್ಲ ಒಣಗಿ ಕಲ್ಲಿನಂತಿರುತ್ತಿತ್ತು ಎಂದು ಹಳಬರು ಹೇಳುತ್ತಿದ್ದರು. ನೀರು ಬಂದ ಮೇಲೆ ಎರಡೂ ಕಡೆ ಭತ್ತ. ಈ ಗದ್ದೆಯಿಂದ ಆ ಗದ್ದೆಗೆ ನೀರು ಬಿಡಲು ದಾರಿಯನ್ನೇ ಅಗೆಯುತ್ತಿದ್ದರು. ಬೇಸಿಗೆಯಲ್ಲೂ ಕಪ್ಪು ಎರೆಮಣ್ಣು ಬೂಟಿಗೆ ಮೆತ್ತಿಕೊಂಡು, ಹತ್ತು ಹೆಜ್ಜೆಗೆ ಒಂದು ಸಲ ನಿಂತು ಕೋಲಿನ ತುದಿಯಿಂದ ಕೆರೆದು ಹಾಕಬೇಕಾಗುತ್ತಿತ್ತು.

ನೀರನ್ನು ಬೈಯುವ ಹಾಗಿರಲಿಲ್ಲ. ಅದೇ ನೀರಿನ ಗದ್ದೆಗಳಲ್ಲಿ ನಾಟಿ ಹಚ್ಚಿ ಅವ್ವ ನನ್ನನ್ನು ಓದಿಸಿದ್ದಳು. ಅಪ್ಪ ಬೇಗ ಹೋಗಿದ್ದ. ಅವ್ವನ ತವರು ಕೊಂಕಲ್ ಕಡೆ. ಅಲ್ಲಿಂದ ಕೂಲಿ ಹುಡುಕಿಕೊಂಡು ಶಹಾಪುರಕ್ಕೆ ಬಂದು, ಊರ ಹೊರಗೆ ಒಂದು ಕೋಣೆ ಹಿಡಿದು, ನಾನು ಎಂಟು ವರ್ಷದವಳಾಗುವವರೆಗೆ ನನ್ನನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟು ಆಮೇಲೆ ಗದ್ದೆಗೆ ಹೋಗುತ್ತಿದ್ದಳು. ಆಗಿನಿಂದಲೇ ಇರಬೇಕು, ಯಾರಾದರೂ ನನ್ನನ್ನು ಹೊರುವುದೆಂದರೆ ನನಗೆ ಮೈಯೆಲ್ಲ ಮುಳ್ಳು. ಹಳ್ಳಿಯವರು ಒಳ್ಳೆಯವರು. ಕೆಸರು ಹೆಚ್ಚಿದ ದಿನ ಯಾರಾದರೂ ಎತ್ತಿನ ಬಂಡಿ ತಂದು ಸೇತುವೆಯ ಹತ್ತಿರ ನಿಲ್ಲಿಸುತ್ತಿದ್ದರು. ಹತ್ತುವಾಗ ಇಬ್ಬರು ಹೆಂಗಸರು ತೋಳು ಹಿಡಿದು ಎತ್ತಬೇಕು. ಅಷ್ಟರಲ್ಲಿ ನನ್ನದೇ ತರಗತಿಯ ಮಕ್ಕಳು ಸುತ್ತ ನಿಂತು ನೋಡುತ್ತಿರಬೇಕು. ಅರ್ಧ ಗಂಟೆ ಕಳೆದು ಅದೇ ಮಕ್ಕಳಿಗೆ ನಾನು ಜೋರು ಮಾಡಿ ಮಗ್ಗಿ ಹೇಳಿಸಬೇಕು.

ಹಿಂದೆ ಎರಡು ಗಾಲಿ ಜೋಡಿಸಿದ ಸ್ಕೂಟರನ್ನು ಪ್ರಯತ್ನಿಸಿದೆ. ಡಾಂಬರು ರಸ್ತೆಯಲ್ಲಿ ಚೆನ್ನಾಗಿಯೇ ಓಡಿತು. ಗದ್ದೆಯ ದಾರಿಯಲ್ಲಿ ಬಂಡಿಯ ಗಾಲಿಗಳು ಕೊರೆದ ಎರಡು ಗೆರೆ, ಸ್ಕೂಟರಿಗೆ ಮೂರು ಸಾಲಿನ ಗಾಲಿ. ಯಾವುದಾದರೂ ಒಂದು ದಿಬ್ಬಕ್ಕೆ ಏರಲೇಬೇಕು. ಎರಡನೆಯ ವಾರವೇ ಪಕ್ಕದ ಗದ್ದೆಗೆ ಮಗುಚಿ ಬಿದ್ದೆ. ಸಸಿ ಹಚ್ಚುತ್ತಿದ್ದ ಹೆಂಗಸರು ಎಬ್ಬಿಸಿದರು. ಅದೇ ವಾರ ಸ್ಕೂಟರನ್ನು ಮಾರಿಬಿಟ್ಟೆ.

ಕ್ಯಾಲಿಪರಿನ ಬೆಲ್ಟು ಬದಲಿಸಲು ನಾನು ವರ್ಷಕ್ಕೊಮ್ಮೆ ಹೈದರಾಬಾದಿಗೆ ಹೋಗುತ್ತಿದ್ದೆ. ಒಂದು ಸಲ ಆಸ್ಪತ್ರೆಯ ಅಂಗಳದಲ್ಲಿ ಕೂತಿದ್ದಾಗ ಒಂದು ಕಾರು ಬಂದು ನಿಂತಿತು. ಒಳಗಿಂದ ಮೊದಲು ಹೊರಬಂದದ್ದು ಒಂದು ಕೋಲು, ಆಮೇಲೆ ಒಂದು ಕ್ಯಾಲಿಪರ್, ಆಮೇಲೆ ಒಬ್ಬ ನಡುವಯಸ್ಸಿನ ಮನುಷ್ಯ. ಅವರದೂ ಎಡಗಾಲೇ. ಡ್ರೈವರ್ ಎಲ್ಲಿ ಎಂದು ನಾನು ಕಾರಿನೊಳಗೆ ಹಣಕಿದೆ. ಯಾರೂ ಇರಲಿಲ್ಲ. ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿರಬೇಕು. ಬಾಗಿಲು ತೆರೆದು, "ಬನ್ನಿ, ಕೂತು ನೋಡಿ" ಎಂದು ಉರ್ದುವಿನಲ್ಲಿ ಕರೆದರು. ಕೂತೆ. ಕಾಲಡಿ ಎರಡೇ ಪೆಡಲು ಇದ್ದವು. ಒಂದು ಓಡಿಸಲು, ಇನ್ನೊಂದು ನಿಲ್ಲಿಸಲು. ಎರಡಕ್ಕೂ ಬಲಗಾಲು ಸಾಕು. ನಮ್ಮ ದೇಶದಲ್ಲಿ ಇಂಥದ್ದು ಯಾರೂ ಮಾಡುವುದಿಲ್ಲ, ಹೊರದೇಶದಿಂದ ಬಂದ ಹಳೆಯದನ್ನು ಹುಡುಕಬೇಕು ಎಂದರು. ನನ್ನ ಸರದಿಗೆ ಕರೆದದ್ದು ಕೇಳಿಸಲೇ ಇಲ್ಲ. ಕಂಪೌಂಡರ್ ಬಂದು ಕರೆದುಕೊಂಡು ಹೋದ.

ಊರಿಗೆ ಬಂದವಳೇ ಚಾಚಾನ ಹತ್ತಿರ ಹೋದೆ. ಚಾಚಾ ನಮ್ಮ ಓಣಿಯ ಕೊನೆಗೆ ಟ್ರ್ಯಾಕ್ಟರ್ ಮತ್ತು ನೀರೆತ್ತುವ ಇಂಜಿನ್ ರಿಪೇರಿ ಮಾಡುತ್ತಿದ್ದ ಮುದುಕ. ಹದಿನಾಲ್ಕು ವರ್ಷ ಸೌದಿಯ ಗ್ಯಾರೇಜಿನಲ್ಲಿ ದುಡಿದು ಬಂದಿದ್ದರು. ನಾನು ಹೇಳಿದ್ದನ್ನು ಕೇಳಿ, ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟರು.

"ಅಲ್ಲಿ ಎಲ್ಲಾ ಗಾಡಿ ಹಿಂಗೇ ಇರತಾವ್ರಿ ಅಕ್ಕೋರ. ಕ್ಲಚ್ ಅನ್ನೋದೇ ಇರಂಗಿಲ್ಲ. ಎಡಗಾಲಿಗೆ ದಿನಾ ರಜಾ."

"ನನ್ನಂಥಾಕಿ ಹೊಡಿಬಹುದೇನ್ರಿ ಚಾಚಾ?"

"ಹೊಡಿಯೋದು ಕಲಸೋದು ನನ್ನ ಕೆಲಸ. ಆದ್ರ ತ್ರಾಸು ಇರೋದು ಹೊಡಿಯೋದ್ರಾಗಲ್ಲ, ಸಾಕೋದ್ರಾಗ. ಸಾಮಾನು ಸಿಗದಿದ್ರ ಮನಿ ಮುಂದ ಕೋಳಿ ಮೊಟ್ಟಿ ಇಡಾಕ ಚಲೋ ಆಗ್ತದ ನೋಡ್ರಿ, ಅಷ್ಟೇ."

ನನ್ನ ಹತ್ತಿರ ಇದ್ದದ್ದು ಸಂಬಳ ಪರಿಷ್ಕರಣೆಯಾದಾಗ ಒಟ್ಟಿಗೆ ಸಿಕ್ಕ ಹಣ, ಅದರ ಮೇಲೆ ಸ್ಕೂಟರ್ ಮಾರಿದ್ದು. ಹೊಸ ಕಾರಿನ ಮಾತೇ ಇರಲಿಲ್ಲ. ದೇಶದೊಳಗಿನ ಒಂದು ಹಳೆಯ ಕಾರಿಗೆ ಸಾಕಾಗುವಷ್ಟಿತ್ತು. ಅಷ್ಟರಲ್ಲೇ ಹೊರದೇಶದ್ದು ಬೇಕು, ಅದೂ ನಡುದಾರಿಯಲ್ಲಿ ಕೈಕೊಡಬಾರದು. ಚಾಚಾ ಮೀಸೆಯ ಮೇಲೆ ಬೆರಳಾಡಿಸುತ್ತ ಒಂದು ಮಾತು ಹೇಳಿದರು, "ಹೆಚ್ಚು ಮಂದಿ ತಂದ ಗಾಡಿನೇ ತಗೋಬೇಕು. ಹತ್ತು ಮಂದಿ ತಂದಿದ್ರ ಎರಡು ಮುರದಿರತಾವ. ಆ ಎರಡರ ಸಾಮಾನು ನಮಗ ಸಿಗತಾವ. ಒಬ್ಬನೇ ತಂದ ಗಾಡಿ ಎಷ್ಟು ಚೆಂದ ಇದ್ರೂ ಕಣ್ಣೆತ್ತಿ ನೋಡಬ್ಯಾಡ್ರಿ."

ದಸರಾ ರಜೆಯಲ್ಲಿ ಇಬ್ಬರೂ ಹೈದರಾಬಾದಿಗೆ ಹೋದೆವು. ಚಾಚಾನ ಗುರುತಿನ ದಲ್ಲಾಳಿಯೊಬ್ಬ ಒಂದು ಬಿಳಿ ಕಾರು ತೋರಿಸಿದ. ಅದನ್ನು ಈಗ ನೆನೆದರೂ ಕಣ್ಣಿಗೆ ಕಟ್ಟುತ್ತದೆ. ಉದ್ದಕ್ಕೆ, ಮಿರಮಿರ ಮಿಂಚುತ್ತ, ಒಳಗೆ ಕೆಂಪು ಮಖಮಲ್ಲಿನ ಸೀಟು. ಕಿಟಕಿ ಗುಂಡಿ ಒತ್ತಿದರೆ ಇಳಿಯುತ್ತಿತ್ತು. ದಲ್ಲಾಳಿ ಹೇಳಿದ ಬೆಲೆ ನಮ್ಮ ಕೈಗೆ ಎಟುಕುವಂತಿತ್ತು. ಅದೇ ನನಗೆ ದೇವರು ಕೊಟ್ಟಂತಾಯಿತು, ಅದೇ ಚಾಚಾನಿಗೆ ಅನುಮಾನ ತಂದಿತು.

ಚಾಚಾ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟರು. "ಇಂಜಿನ್ ಬಿಸಿ ಅದ. ನಾವು ಬರೋಕಿಂತ ಮೊದಲೇ ಚಾಲೂ ಮಾಡಿಟ್ಟಾರ. ತಣ್ಣಗಿದ್ದಾಗ ಶುರು ಆಗಂಗಿಲ್ಲ ಅನ್ನಸ್ತದ" ಎಂದು ನನಗಷ್ಟೇ ಕೇಳುವಂತೆ ಹೇಳಿದರು. ಆಮೇಲೆ ಗೇರುಪೆಟ್ಟಿಗೆಯ ಎಣ್ಣೆ ನೋಡುವ ಉದ್ದನೆಯ ಕಡ್ಡಿ ಎಳೆದು, ಬಿಳಿ ಬಟ್ಟೆಗೆ ಒರೆಸಿ ಮೂಸಿದರು. ನನ್ನ ಮೂಗಿನ ಹತ್ತಿರವೂ ಹಿಡಿದರು. ಹಂಚಿನ ಮೇಲೆ ಮರೆತ ರೊಟ್ಟಿಯ ವಾಸನೆ. ಬಟ್ಟೆಯ ಮೇಲೆ ಕರೀ ಕಲೆ.

"ಇದು ಕೆಂಪಗ ಇರಬೇಕ್ರಿ. ಒಳಗ ಸುಟ್ಟದ. ಆರು ತಿಂಗಳು ಓಡಿದ್ರ ಹೆಚ್ಚು."

"ರಿಪೇರಿ ಆಗಂಗಿಲ್ಲೇನು?"

"ಆಗ್ತದ. ಗಾಡಿಗೆ ಕೊಟ್ಟಷ್ಟೇ ಮತ್ತ ಕೊಡಬೇಕು."

ಆ ಹೊತ್ತಿಗೆ ನನಗೆ ಬುದ್ಧಿ ಇರಲಿಲ್ಲ. ಆ ಸೀಟಿನಲ್ಲಿ ಕೂತು ಸ್ಟೇರಿಂಗ್ ಹಿಡಿದು ನೋಡಿಯಾಗಿತ್ತು. ನಮ್ಮ ಹಳ್ಳಿಯ ಸೇತುವೆಯ ಮೇಲೆ ಅದು ತಿರುಗುವುದು ಕಂಡಾಗಿತ್ತು. ಎಲ್ಲದರಲ್ಲೂ ಕೊಂಕು ಹುಡುಕುತ್ತೀರಿ, ನಿಮಗೇನು, ಕೆಸರು ತುಳಿಯುವವಳು ನಾನು ಎಂದು ಅಷ್ಟು ಜನರ ಮುಂದೆ ಅಂದುಬಿಟ್ಟೆ. ದಲ್ಲಾಳಿ ನನ್ನ ಪರ ನಿಂತು, ಮೇಡಂ ಹೇಳಿದ್ದೇ ಸರಿ ಎಂದ. ಚಾಚಾನ ಮುಖ ಕೆಂಪಾಯಿತು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಶಿಕ್ಷಕಿಯರನ್ನು ಕರೆಯುವಂತೆ ಅಕ್ಕೋರ ಎಂದಲ್ಲದೆ ಬೇರೆ ಕರೆದಿರಲಿಲ್ಲ. ಆವತ್ತು, "ಬೇಟಿ, ನೀ ಕೊಳ್ಳೋದಾದ್ರ ಕೊಳ್ಳು. ನಾ ಮಾತ್ರ ಇದರಾಗ ಕುಂತು ಶಹಾಪುರಕ್ಕ ಬರಂಗಿಲ್ಲ. ನಿಂಗ ಹೊಡಿಯಾಕ ಬರಂಗಿಲ್ಲ. ಮತ್ತ ಹೆಂಗ ಒಯ್ತಿ?" ಎಂದು ರಸ್ತೆಯಾಚೆಯ ಚಹಾದಂಗಡಿಗೆ ಹೋಗಿ ಕೂತುಬಿಟ್ಟರು.

ನಾನು ಕಾರಿನ ಪಕ್ಕ ನಿಂತೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಕೋಲೂರಿಕೊಂಡು ರಸ್ತೆ ದಾಟಿ ಹೋಗಿ ಅವರ ಎದುರು ಕೂತೆ. ಅವರು ಇನ್ನೊಂದು ಚಹಾ ತರಿಸಿದರು.

ಎರಡು ದಿನ ತಿರುಗಿದರೂ ಏನೂ ಸಿಗಲಿಲ್ಲ. ವಾಪಸು ಹೊರಡುವ ದಿನ, ಬಿಡಿಭಾಗ ಮಾರುವ ಅಂಗಡಿಯವನೊಬ್ಬ, ಒಬ್ಬ ನರ್ಸಮ್ಮನ ಹತ್ತಿರ ಒಂದು ಸಣ್ಣ ಜಪಾನೀ ಗಾಡಿ ಇದೆ, ಆದರೆ ಆಕೆ ಯಾರಿಗೂ ಕೊಡುತ್ತಿಲ್ಲ ಎಂದ. ಮಾರುವುದಿದೆಯೋ ಇಲ್ಲವೋ ಎಂದು ಚಾಚಾ ಕೇಳಿದರು. ಮಾರುವುದಿದೆ, ಬಂದವರು ಯಾರೂ ಆಕೆಗೆ ಒಪ್ಪಿಗೆಯಾಗುತ್ತಿಲ್ಲ ಎಂದ.

ಆಕೆ ರಾಯಚೂರು ಕಡೆಯವರು. ಗಲ್ಫಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ದುಡಿದು, ನಿವೃತ್ತಿಯಾಗಿ ಬರುವಾಗ ತಮ್ಮ ಕಾರನ್ನೂ ತಂದಿದ್ದರು. ಕಣ್ಣಿಗೆ ಪೊರೆ ಬಂದು ಡಾಕ್ಟರು ಓಡಿಸಬೇಡಿ ಅಂದಿದ್ದರಂತೆ. ಮನೆಯ ಮುಂದೆ ಬೇವಿನ ಗಿಡದ ಕೆಳಗೆ ಕಾರು ನಿಂತಿತ್ತು. ಬಿಸ್ಕತ್ತಿನ ಬಣ್ಣ, ಅದೂ ಬಿಸಿಲಿಗೆ ಮಾಸಿದ್ದು. ಬಿಳಿ ಕಾರಿನ ಮುಂದೆ ಇದು ಮದುವೆಮನೆಯ ಮುಂದೆ ನಿಂತ ದಾರಿಹೋಕನಂತೆ ಕಂಡಿತು. ಮೇಲಾಗಿ ಸ್ಟೇರಿಂಗ್ ಎಡಗಡೆಗಿತ್ತು. ಅಲ್ಲಿನ ಗಾಡಿಗಳೆಲ್ಲ ಹಾಗೇ ಇರುತ್ತವೆ ಎಂದರು ಚಾಚಾ. ಹಿಂದೆ ಇಂಗ್ಲಿಷಿನಲ್ಲಿ ಎಡಗಡೆಯ ಚಾಲನೆ ಎಂದು ದಪ್ಪಕ್ಷರದಲ್ಲಿ ಬರೆಸಿದ್ದರು.

ಚಾಚಾ ಬಾನೆಟ್ ಮುಟ್ಟಿದರು. ತಣ್ಣಗಿತ್ತು. ಚಾಲೂ ಮಾಡಿದರೆ ಒಂದೇ ಸಲಕ್ಕೆ ಎದ್ದಿತು. ಎಣ್ಣೆಯ ಕಡ್ಡಿ ಎಳೆದು ಬಟ್ಟೆಗೆ ಒರೆಸಿದರು, ದಾಸವಾಳದ ಕೆಂಪು. ಬ್ರೇಕ್ ಒತ್ತಿ ಹಿಡಿದು ಗೇರಿಗೆ ಹಾಕಿದಾಗ ಗಾಡಿ ತಡಮಾಡಲಿಲ್ಲ, ಜರ್ಕು ಹೊಡೆಯಲಿಲ್ಲ. ಕೆಳಗಿನ ಚಾಪೆ ಎತ್ತಿ ನೋಡಿದರು, ತುಕ್ಕಿರಲಿಲ್ಲ. ಮೂಲೆಯಲ್ಲಿ ಒಂದು ಚಿಟಿಕೆ ಮರಳಿತ್ತು. ಅದನ್ನು ಬೆರಳಲ್ಲಿ ತೆಗೆದು ನೋಡಿ, ಸೌದಿಯ ನೆನಪಾಗಿ ನಕ್ಕರು. ರಬ್ಬರಿನ ಪೈಪುಗಳು ಮಾತ್ರ ಬಿಸಿಲಿಗೆ ಬಿರುಕು ಬಿಟ್ಟಿದ್ದವು. "ಇವನ್ನ ಬದಲಿ ಮಾಡಬಹುದು. ಈ ಇಂಜಿನ್ನು ಅಲ್ಲಿ ಟ್ಯಾಕ್ಸಿಗೆಲ್ಲ ಹಾಕತಾರ. ಇದರಾಗ ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ, ನನ್ನ ಕೈಗೆ ತಿಳಿಯೋವಂಥಾದ್ದು" ಎಂದರು.

ಅವರು ಕಾರನ್ನು ನೋಡುತ್ತಿದ್ದಾಗ ನರ್ಸಮ್ಮ ನನ್ನನ್ನು ನೋಡುತ್ತಿದ್ದರು. ಕಟ್ಟೆಯ ಮೇಲೆ ಕೂರಿಸಿ, ಕೇಳದೆಯೇ ಸೀರೆಯ ಅಂಚು ಸರಿಸಿ ಕ್ಯಾಲಿಪರಿನ ಬೆಲ್ಟಿನ ಕೆಳಗೆ ಬೆರಳು ಹಾಕಿದರು.

"ಇಲ್ಲಿ ಗಾಯ ಆಗ್ತದಲ್ಲ? ಬಟ್ಟೆ ಸುತ್ತಿ ಕಟ್ಕೋಬೇಕ್ರಿ. ಯಾರೂ ಹೇಳಿಲ್ಲ?"

"ಇಲ್ಲರಿ."

"ಎಷ್ಟು ನಡೀತೀರಿ ದಿನಾ?"

ಹೇಳಿದೆ. ಸೇತುವೆ, ಗದ್ದೆಯ ದಾರಿ, ಬಂಡಿ ಎಲ್ಲ. ಅವರು ಕೇಳುತ್ತ ಕೂತರು. ಬಲಗಾಲಿನ ಮೀನಖಂಡ ಒತ್ತಿ ನೋಡಿ, "ಇದು ಬ್ರೇಕ್ ಒತ್ತತದ" ಎಂದರು. ಅಷ್ಟೇ. ಬೆಲೆಯನ್ನು ಚಾಚಾನ ಹತ್ತಿರ ಮಾತಾಡಿದರು. ನಮ್ಮಲ್ಲಿದ್ದದ್ದರೊಳಗೇ ಹೊಂದಿತು.

ಇನ್ನೇನು ಹಣ ಕೊಡಬೇಕು, ಚಾಚಾ ಸೀಮೆಎಣ್ಣೆಯ ಬಟ್ಟೆಯಿಂದ ಇಂಜಿನ್ನಿನ ಒಂದು ಮೂಲೆ ಉಜ್ಜಿ, ಕಾಗದದ ಮೇಲಿನ ನಂಬರಿನ ಜೊತೆ ತಾಳೆ ನೋಡಿದರು. ಇಂಜಿನ್ನಿನ ಮೇಲೆ ಎಂಟು ಇದ್ದ ಕಡೆ ಕಾಗದದಲ್ಲಿ ಮೂರು ಇತ್ತು.

ಎಂದೋ ಯಾರೋ ನಕಲು ಮಾಡುವಾಗ ಆದ ತಪ್ಪು. ಅದು ನಮ್ಮ ಮೂವರಿಗೂ ಕಾಣುತ್ತಿತ್ತು. ಒಂದಂಕಿ ತಾನೇ ಎಂದೆ. ಚಾಚಾ ತಲೆಯಾಡಿಸಿದರು. "ನಾಳೆ ನಿಮ್ಮ ಹೆಸರಿಗೆ ಮಾಡಸಾಕ ಹೋದಾಗ ಇದು ಬ್ಯಾರೆ ಗಾಡಿ ಅಂತಾರ್ರಿ. ಆಗ ನೀವು ಕಳ್ಳರಾಗ್ತೀರಿ. ಇವತ್ತು ಬ್ಯಾಡ."

ಈ ಸಲ ನಾನು ಜಗಳ ಮಾಡಲಿಲ್ಲ. ನರ್ಸಮ್ಮ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ನನ್ನ ಗಾಡಿ, ನಾ ಸರಿ ಮಾಡಸ್ತೀನಿ. ಗಾಡಿ ಇಳಿಸಿದಾಗ ಬಂದರಿನ್ಯಾಗ ಕೊಟ್ಟ ಅಸಲಿ ಕಾಗದ ಟ್ರಂಕಿನ್ಯಾಗ ಎಲ್ಲೋ ಅದ. ಫೋನ್ ನಂಬರ್ ಕೊಟ್ಟು ಹೋಗ್ರಿ ಟೀಚರ್" ಎಂದರು. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಓಣಿಯ ಎಸ್‌ಟಿಡಿ ಬೂತಿನ ನಂಬರು ಬರೆದುಕೊಟ್ಟೆ. ಮುಂಗಡ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಮುಂಗಡವೇ ಬೇಡವೆಂದರೆ ಮಾತಿಗೆ ಗಟ್ಟಿತನ ಎಲ್ಲಿಯದು ಎಂದು ನನಗೆ ದಾರಿಯುದ್ದಕ್ಕೂ ಕೊರೆತ. ಶಾಲೆ ಶುರುವಾಯಿತು. ಕಾರ್ತಿಕ ಬಂತು. ಭತ್ತ ಹಳದಿಗೆ ತಿರುಗಿತು. ಫೋನಿಲ್ಲ. ನಾನು ಆ ಕಾರನ್ನು ಮನಸ್ಸಿನಿಂದ ತೆಗೆದುಹಾಕಲು ನೋಡಿದೆ, ಆಗಲಿಲ್ಲ. ವಿಚಿತ್ರವೆಂದರೆ ಕನಸಿಗೆ ಬರುತ್ತಿದ್ದದ್ದು ಬಿಳಿ ಕಾರಲ್ಲ, ಬಿಸ್ಕತ್ತಿನ ಬಣ್ಣದ್ದು. ಬೂತಿನವ ನಾನು ಹೋಗುವುದನ್ನು ಕಂಡರೆ ಸಾಕು, ಕೇಳುವ ಮೊದಲೇ "ಇಲ್ಲರಿ ಅಕ್ಕೋರ" ಅನ್ನುತ್ತಿದ್ದ.

ಒಂದು ಭಾನುವಾರ ಅವನೇ ಓಡಿಬಂದ. ಬೂತಿನೊಳಗೆ ಕೋಲು ಇಡಲು ಜಾಗವಿಲ್ಲದೆ ಹೊರಗೆ ಒರಗಿಸಿ ಫೋನು ಹಿಡಿದೆ.

"ಟೀಚರ್, ಮೂರು ಹೋಗಿ ಎಂಟಾತು ನೋಡ್ರಿ. ಏಳು ಸಲ ಆಫೀಸಿಗೆ ಹೋಗಿ ಬಂದೆ. ಬಂದು ಒಯ್ಯರಿ."

"ನಡುವೆ ಬೇರೆ ಯಾರೂ ಕೇಳಲಿಲ್ಲೇನ್ರಿ?" ಎಂದು ಬಾಯಿಗೆ ಬಂತು, ಕೇಳಿಬಿಟ್ಟೆ.

"ಇಬ್ಬರು ಬಂದಿದ್ರು. ಹೆಚ್ಚಿಗೇನೇ ಕೊಡ್ತೀನಂದ್ರು. ಅವರಿಗೆ ಮೂರು ಪೆಡಲಿನ ಗಾಡಿ ಊರ ತುಂಬ ಸಿಗತಾವ ಅಂದೆ."

ಚಾಚಾ ಕಾರನ್ನು ಮಹಬೂಬನಗರ, ನಾರಾಯಣಪೇಟೆಯ ಮೇಲೆ ಓಡಿಸಿಕೊಂಡು ಬಂದರು. ನಾನು ಪಕ್ಕದಲ್ಲಿ ಕೂತು ಅವರ ಕಾಲನ್ನೇ ನೋಡುತ್ತಿದ್ದೆ. ಗುರುಮಿಟ್ಕಲ್ ದಾಟಿದ ಮೇಲೆ ಒಂದು ಕಡೆ ನಿಲ್ಲಿಸಿ ಇಂಜಿನ್ನಿಗೆ ನೀರು ಹಾಕಿದರು. ಯಾದಗಿರಿಯಲ್ಲಿ ಊಟ ಮಾಡಿ, ಭೀಮೆಯ ಸೇತುವೆ ದಾಟಿ ಸಂಜೆಯೊಳಗೆ ಶಹಾಪುರ. ಓಣಿಯೆಲ್ಲ ಹೊರಗೆ ಬಂದು ನಿಂತಿತ್ತು. ಪಕ್ಕದ ಮನೆಯಾಕೆ ಗಾಲಿಗಳಡಿ ಇಡಲು ನಾಲ್ಕು ನಿಂಬೆಹಣ್ಣು ತಂದಿದ್ದಳು. ನಮ್ಮದು ಗೋಡೆಯ ಮೇಲೆ ಬುದ್ಧನ ಪಟವಿರುವ ಮನೆ, ಇಂಥದ್ದು ಮಾಡುವ ರೂಢಿ ಇಲ್ಲ. ಆಕೆಗೆ ಬೇಸರವಾದೀತೆಂದು ನಾನು ಸುಮ್ಮನಿದ್ದೆ. ಅವ್ವ ಮಾತ್ರ ಕೈಚಾಚಿ, "ನೆಲಕ್ಕ ಹಾಕಿ ಯಾಕ ಹಾಳ ಮಾಡ್ತಿ, ಕೊಡಿಲ್ಲಿ" ಎಂದು ತೆಗೆದುಕೊಂಡು, ದೊಡ್ಡ ಪಾತ್ರೆಯಲ್ಲಿ ಶರಬತ್ತು ಮಾಡಿ ಓಣಿಗೆಲ್ಲ ಕೊಟ್ಟಳು. ನಿಂಬೆಹಣ್ಣು ತಂದವಳೇ ಎರಡು ಲೋಟ ಕುಡಿದಳು.

ಕಲಿತದ್ದು ಹತ್ತಿ ಮಾರುಕಟ್ಟೆಯ ಅಂಗಳದಲ್ಲಿ. ರಜೆಯ ದಿನ ಅಲ್ಲಿ ಜನವಿರುವುದಿಲ್ಲ. ಚಾಚಾ ಬಲಗಡೆಯ ಸೀಟಿನಲ್ಲಿ ಕೂತು ಒಂದೇ ಪಾಠ ಹೇಳುತ್ತಿದ್ದರು, "ಕಾಲು ಎಲ್ಲದ ಅಂತ ಮೊದಲು ತಿಳ್ಕೊಂಡು ಆಮ್ಯಾಲೆ ಒತ್ತರಿ." ಮೂರನೆಯ ದಿನ ನಾನು ಬ್ರೇಕೆಂದು ತಿಳಿದು ಇನ್ನೊಂದನ್ನು ಒತ್ತಿದೆ. ಕಾರು ಹತ್ತಿ ತುಂಬಿದ ದೊಡ್ಡ ಚೀಲಗಳ, ಅಂದರೆ ಅಂಡಿಗೆಗಳ, ಗುಡ್ಡಕ್ಕೆ ಮೂತಿ ತೂರಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಚಾಚಾ ಇಳಿದು, ಹತ್ತಿ ಕೊಡವಿ, "ದುನಿಯಾದಾಗ ಇಷ್ಟು ಮೆತ್ತಗಿನ ಗೋಡಿ ಇನ್ನೊಂದು ಸಿಗಂಗಿಲ್ಲ. ಬಡಿಯೋದಿದ್ರ ಇವತ್ತೇ ಬಡಿದು ಮುಗಸ್ರಿ" ಎಂದರು. ಮತ್ತೆ ಎಂದೂ ಪೆಡಲು ತಪ್ಪಲಿಲ್ಲ.

ಲೈಸೆನ್ಸಿಗೆ ಕಲಬುರ್ಗಿಗೆ ಹೋದಾಗ ಇನ್ಸ್‌ಪೆಕ್ಟರು ನನ್ನ ಕಾಲು ನೋಡಿ ಮೊದಲು ಆಗುವುದಿಲ್ಲವೆಂದರು. ಕಾರಿನಲ್ಲಿ ಕೂತು ನೋಡಿ ಎಂದು ಬೇಡಿಕೊಂಡೆ. ಕೂತರು. ಊರು ಸುತ್ತಿಸಿದೆ. ಏರಿನ ಮೇಲೆ ನಿಲ್ಲಿಸಿ ಮತ್ತೆ ಹೊರಡು ಎಂದರು. ನಿಂತೆ, ಹೊರಟೆ. ಇಳಿಯುವ ಮುಂಚೆ ತಾವೇ ತಮ್ಮ ಎಡಗಾಲನ್ನು ಮೇಲೆತ್ತಿ ಹಿಡಿದು ನನ್ನ ಕಾಲಡಿಯ ಪೆಡಲುಗಳತ್ತ ಹಣಕಿ ನೋಡಿ, "ಅಲ್ಲರೀ, ಎಡಗಾಲು ಇದ್ದೋರಿಗೂ ಇದರಾಗ ಕೆಲಸ ಇಲ್ಲಲ್ಲ!" ಎಂದರು. ಸಹಿ ಹಾಕಿದರು.

ಸಂಕ್ರಾಂತಿ ಮುಗಿದ ಸೋಮವಾರ ಮೊದಲ ಸಲ ಒಬ್ಬಳೇ ಶಾಲೆಗೆ ಹೋದೆ. ಸೇತುವೆಯ ಹತ್ತಿರ ತಿರುಗಿ ಗದ್ದೆಯ ದಾರಿಗೆ ಇಳಿದೆ. ಕಾರಿನ ಗಾಲಿಗಳು ಬಂಡಿಯ ಗೆರೆಗಳಿಗೆ ಹೆಚ್ಚೂಕಡಿಮೆ ಸರಿಯಾಗಿ ಕೂತವು. ನೀರು ಬಿಡಲು ದಾರಿ ಅಗೆದಿದ್ದ ರೈತ ನನ್ನನ್ನು ಕಂಡು, ಸಲಿಕೆ ಎಸೆದು ಓಡಿಬಂದು, ಎರಡು ಚಪ್ಪಡಿ ಎಳೆದು ಅಗೆದ ಜಾಗದ ಮೇಲೆ ಹಾಕಿದ. "ನಾಳಿಂದ ಇಲ್ಲಿ ಪೈಪ್ ಹಾಕ್ತೀನ್ರಿ ಅಕ್ಕೋರ" ಎಂದ. ಹಾಕಿಯೂ ಹಾಕಿದ. ಶಾಲೆಯ ಮುಂದೆ ಇಳಿದಾಗ ಬೂಟು ಒಣಗಿತ್ತು. ಮಕ್ಕಳು ನೋಡುತ್ತಿದ್ದರು. ನೋಡಲಿ ಎಂದು ಸ್ವಲ್ಪ ನಿಧಾನವಾಗಿಯೇ ಬಾಗಿಲು ಹಾಕಿದೆ.

ಎಲ್ಲವೂ ಸುಖವಾಗಿ ಹೋಯಿತೆಂದಲ್ಲ. ಎರಡನೆಯ ವರ್ಷ ಗೇರಿನ ಕೇಬಲ್ ಹರಿದು ಕಾರು ಐದು ವಾರ ಬಾಗಿಲ ಮುಂದೆ ನಿಂತಿತು. ಚಾಚಾ ಹೇಳಿದ ಕೋಳಿ ನಿಜವಾಗಿಯೂ ಅದರ ಕೆಳಗೆ ಬಂದು ಕೂತಿತು. ಹೈದರಾಬಾದಿನ ಗುಜರಿಯಲ್ಲಿ ಅದೇ ಜಾತಿಯ ಕಾರೊಂದು ಸಿಕ್ಕಿ, ಅದರ ಕೇಬಲ್ಲು ಇದಕ್ಕೆ ಬಂತು. ಅಷ್ಟು ದಿನ ಮತ್ತೆ ಬಂಡಿ. ಆದರೆ ಆಗ ಬಂಡಿ ಹತ್ತುವುದು ಮೊದಲಿನಷ್ಟು ಕಷ್ಟವಾಗಲಿಲ್ಲ. ಕೆಲವು ವಾರದ ಮಾತಷ್ಟೇ ಎಂದು ಗೊತ್ತಿತ್ತು.

ಅವ್ವ ಮೊದಲ ಆರು ತಿಂಗಳು ಕಾರು ಹತ್ತಲಿಲ್ಲ. "ನಾ ಕುಂತು ನೀ ಎಲ್ಲೆರ ಬಡದ್ರ, ಮುದುಕಿ ಕಾಲ್ಗುಣ ಅಂತಾರ" ಎನ್ನುತ್ತಿದ್ದಳು. ಕೊನೆಗೆ ಹಲ್ಲುನೋವು ಬಂದು ಡಾಕ್ಟರ ಹತ್ತಿರ ಹೋಗಲೇಬೇಕಾದಾಗ ಹತ್ತಿದಳು. ಸ್ಟೇರಿಂಗ್ ಎಡಗಡೆ ಇದ್ದದ್ದರಿಂದ ಅವ್ವ ಕೂತದ್ದು ಬಲಗಡೆ, ಎಲ್ಲ ಕಾರುಗಳಲ್ಲಿ ಡ್ರೈವರ್ ಕೂರುವ ಜಾಗದಲ್ಲಿ. ಬಸ್ ಸ್ಟ್ಯಾಂಡಿನ ಮುಂದೆ ಹೋಗುವಾಗ ಜನ ನಿಂತು ನೋಡತೊಡಗಿದರು. ತಲೆಯ ಮೇಲೆ ಸೆರಗು ಹೊದ್ದ ಮುದುಕಿ, ಗಲ್ಲದ ಮೇಲೆ ಕೈಯಿಟ್ಟುಕೊಂಡು, ಮುಂದೆ ಸ್ಟೇರಿಂಗೂ ಇಲ್ಲದೆ ಕಾರು ಓಡಿಸುತ್ತಿದ್ದಾಳೆ!

"ಯಾಕ ಹಂಗ ನೋಡಾಕತ್ತಾರ ಇವ್ರು?" ಎಂದಳು.

"ನೀನೇ ಹೊಡಿಯಾಕತ್ತೀದಿ ಅಂತ ತಿಳ್ಕೊಂಡಾರ ಯವ್ವಾ."

ಅವ್ವ ಗಲ್ಲದ ಮೇಲಿನ ಕೈ ತೆಗೆದಳು. ನೆಟ್ಟಗೆ ಕೂತಳು. "ಹಾಂಗಾರ ಹಾರ್ನ್ ಹೊಡಿ" ಎಂದಳು. ಹೊಡೆದೆ.

ಅಲ್ಲಿಂದ ಆಕೆಗೆ ತಿರುಗಾಟದ ರುಚಿ ಹತ್ತಿತು. ಮೊದಲು ಕೊಂಕಲ್ಲಿಗೆ, ತನ್ನ ಅಣ್ಣನ ಮನೆಗೆ. ಆಮೇಲೆ ಯಾದಗಿರಿಗೆ. ಒಂದು ದಿನ ರೊಟ್ಟಿ ಬಡಿಯುತ್ತ, "ಕೆನಾಲಿಗೆ ನೀರು ಬಿಡೋದು ಎಲ್ಲಿಂದ?" ಎಂದು ಕೇಳಿದಳು. ನಾರಾಯಣಪುರದ ಅಣೆಕಟ್ಟಿನಿಂದ ಎಂದೆ. "ನೋಡಬೇಕಲ್ಲ ಅದನ್ನ" ಎಂದಳು. ಅಷ್ಟು ವರ್ಷ ಆ ನೀರಿನಲ್ಲಿ ಮೊಣಕಾಲುದ್ದ ನಿಂತು ಸಸಿ ಹಚ್ಚಿದವಳು, ಅದು ಎಲ್ಲಿಂದ ಬರುತ್ತದೆಂದು ಒಂದು ದಿನವೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ರೊಟ್ಟಿ, ಶೇಂಗಾದ ಚಟ್ನಿಪುಡಿ, ಮೊಸರು ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟೆವು. ಚಾಚಾನನ್ನೂ ಕರೆದೆ. "ಗಾಡಿ ಚಲೋ ಅದ, ಹೊಡಿಯೋರು ಚಲೋ ಇದ್ದಾರ. ನಾ ಯಾಕ?" ಎಂದರು. ಆದರೂ ಹಿಂದಿನ ದಿನ ಎಣ್ಣೆ, ನೀರು, ಗಾಲಿಯ ಗಾಳಿ ಎಲ್ಲ ನೋಡಿ, ಎರಡು ಹೊಸ ಪೈಪು ಡಿಕ್ಕಿಯಲ್ಲಿ ಇಟ್ಟುಕೊಟ್ಟರು. ಸುರಪುರದ ಗುಡ್ಡ ದಾಟಿ, ಹುಣಸಗಿಯ ಮೇಲೆ ಹೋದೆವು. ಇಷ್ಟು ದೂರ ನಾನು ಒಬ್ಬಳೇ ಓಡಿಸಿದ್ದು ಅದೇ ಮೊದಲು.

ಅಣೆಕಟ್ಟಿನ ಹತ್ತಿರ ಅವ್ವ ಇಳಿದು ದಂಡೆಗೆ ಹೋಗಿ ನಿಂತಳು. ಸೆರಗಿನಿಂದ ಬಿಸಿಲು ಮರೆಮಾಡಿಕೊಂಡು ನೀರನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಆಮೇಲೆ, "ಇದರಾಗ ನಮ್ಮ ಕಡಿಗೆ ಬರೋ ನೀರು ಯಾವುದು?" ಎಂದು ಕೇಳಿದಳು. ಎಲ್ಲವೂ ಒಂದೇ ನೀರು ಎಂದೆ. "ಹೌದೇನು" ಎಂದಳು. ಇಷ್ಟು ದೊಡ್ಡದು ಯಾರದೂ ಅಲ್ಲವೆಂದು ಸಮಾಧಾನವಾಯಿತೋ, ಏನೋ, ಅಲ್ಲೇ ಕಲ್ಲಿನ ಮೇಲೆ ಕೂತು ಎರಡು ರೊಟ್ಟಿ ಹೆಚ್ಚಿಗೆ ತಿಂದಳು.

ಬರುವಾಗ ಸಂಜೆಯಾಗಿತ್ತು. ರಂಗಂಪೇಟೆ ದಾಟುವಲ್ಲಿ ಅವ್ವನ ಕಡೆಯ ರಸ್ತೆಬದಿಗೆ, ಒಂದು ಮರದ ಕೆಳಗೆ, ನಾಲ್ವರು ಹೆಂಗಸರು ನಿಂತಿದ್ದರು. ಮೊಣಕಾಲವರೆಗೆ ಕೆಸರು ಒಣಗಿತ್ತು, ಕಂಕುಳಲ್ಲಿ ಬುತ್ತಿಗಂಟು. ನಾಟಿ ಮುಗಿಸಿ ಶಹಾಪುರದ ಬಸ್ಸಿಗೆ ಕಾಯುತ್ತಿದ್ದರು. ಅವ್ವ ನನ್ನ ತೋಳು ಮುಟ್ಟಿದಳು.

"ನಿಂದ್ರಸು."

ನಿಲ್ಲಿಸಿದೆ. ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಶಹಾಪುರಕ್ಕೇನ? ಬರ್ರಿ, ಹತ್ತರಿ" ಎಂದಳು. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ತನ್ನ ಕಾಲು ತೋರಿಸಿ, "ಕಾಲು ಕೆಸರಾಗ್ಯಾವ ಯವ್ವಾ, ಗಾಡಿ ಹೊಲಸಾಗ್ತದ" ಎಂದಳು.

"ಕೆಸರೇನು ಹೊಸಾದಲ್ಲ ನಮಗ. ಹತ್ತ ಬೇ" ಎಂದು ಅವ್ವ ಹಿಂದಿನ ಬಾಗಿಲಿನ ಚಿಲಕ ತೆಗೆದಳು.

ಮೂವರು ಹಿಂದೆ ಕೂತರು, ನಾಲ್ಕನೆಯವಳನ್ನು ಅವ್ವ ತನ್ನ ಪಕ್ಕಕ್ಕೆ ಒತ್ತರಿಸಿ ಕೂರಿಸಿಕೊಂಡಳು. ಕಾರಿನ ಹಿಂಭಾಗ ಒಂದು ಗೇಣು ಕೆಳಗಿಳಿಯಿತು. ನಾನು ಗೇರು ಹಾಕಿ ನಿಧಾನವಾಗಿ ಪೆಡಲು ಒತ್ತಿದೆ. ಎಳೆಯಿತು. ಯಾರ ಗದ್ದೆಯಲ್ಲಿ ಎಷ್ಟು ಜನ ನಾಟಿಗೆ ಬಂದಿದ್ದರು, ಈ ಸಲ ಸಸಿ ಹೇಗಿದೆ, ಮಧ್ಯಾಹ್ನದ ಚಹಾ ಕೊಟ್ಟರೋ ಇಲ್ಲವೋ ಎಂದು ಅವ್ವ ವಿಚಾರಿಸತೊಡಗಿದಳು. ಶಹಾಪುರ ಬರುವವರೆಗೂ ಅವರ ಮಾತು ಮುಗಿಯಲಿಲ್ಲ.